ಪಾಠ ಹೊಲಕ್ಕೆ ಮರಳಲಿ

2018ರ ಮುಂಗಾರಿನ ಹೊತ್ತಿಗೆ ಶಿವಮೊಗ್ಗ ಸುತ್ತಿನ ಮೆಕ್ಕೆಜೋಳದ ಹೊಲಗಳಲ್ಲಿ ಸುಳಿ ತಿನ್ನುವ ಹುಳುವೊಂದು ಕಾಣಿಸಿಕೊಂಡಿತು. ಮೇಲ್ನೋಟಕ್ಕೆ ಹಳೆಯ ಸೈನಿಕ ಹುಳುವಿನ ಹಾಗೆಯೇ ಇತ್ತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಹಿಡಿದು ತಂದು ಪರೀಕ್ಷಿಸಿ, ಇದು ಅಮೆರಿಕ ಖಂಡ ಮೂಲದ ಫಾಲ್ ಆರ್ಮಿ ವರ್ಮ್ ಎಂದು ಗುರುತಿಸಿದರು. 2016ರಲ್ಲಿ ಆಫ್ರಿಕಾಕ್ಕೆ ಕಾಲಿಟ್ಟಿದ್ದ ಈ ಕೀಟ ಭಾರತದಲ್ಲಿ ಪತ್ತೆಯಾದದ್ದು ಅದೇ ಮೊದಲು. ಅಲ್ಲಿಂದ ಮುಂದಿನ ಒಂದೆರಡು ವರ್ಷಗಳಲ್ಲಿ ಅದು ದೇಶದ ಮೆಕ್ಕೆಜೋಳದ ಸೀಮೆಗಳನ್ನೆಲ್ಲ ಹೊಕ್ಕಿತು.

ಗುರುತು ಹಿಡಿಯುವುದು ಕಷ್ಟವಿಲ್ಲ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂಥ ಬಿಳಿ ಗೆರೆ. ಬಾಲದ ಹತ್ತಿರ ಚೌಕದ ನಾಲ್ಕು ಮೂಲೆಗೆ ಇಟ್ಟಂಥ ನಾಲ್ಕು ಕಪ್ಪು ಚುಕ್ಕೆ. ಎಳೆಯ ಹುಳು ಎಲೆಯ ಹಸಿರನ್ನು ಕೆರೆದು ತಿಂದು ಬಿಳಿ ಪೊರೆಯನ್ನಷ್ಟೇ ಉಳಿಸುತ್ತದೆ. ಬಲಿತ ಮೇಲೆ ಸುಳಿಯೊಳಗೆ ಇಳಿದು, ಮೇಲೆ ಮರದ ಪುಡಿಯಂಥ ಹಿಕ್ಕೆ ತುಂಬಿ ಕೂರುತ್ತದೆ. ಆಮೇಲೆ ಎಂಥ ಔಷಧಿಯನ್ನು ಎಲೆಯ ಮೇಲೆ ಹೊಡೆದರೂ ಒಳಗಿರುವ ಹುಳುವಿಗೆ ತಾಗುವುದು ಕಡಿಮೆ. ಬಿತ್ತನೆಯಾದ ಮೊದಲ ವಾರಗಳಲ್ಲಿ ಸಾಲಿನಲ್ಲಿ ನಡೆದು, ಎಲೆಯ ಮೇಲಿನ ಮೊಟ್ಟೆಯ ಗುಂಪನ್ನು ಕೈಯಲ್ಲೇ ಹಿಸುಕಿದರೆ ಖರ್ಚಿಲ್ಲದೆ ಅರ್ಧ ಕೆಲಸ ಮುಗಿಯುತ್ತದೆ. ಹತ್ತು ನಿಮಿಷದ ಪಾಠ ಇದು. ಆದರೆ ಈ ಪಾಠ ಹೊಲದಲ್ಲೇ ಆಗಬೇಕು, ಬೆಳೆ ಮೊಣಕಾಲೆತ್ತರಕ್ಕೆ ಬರುವ ಮೊದಲೇ ಆಗಬೇಕು, ರೈತ ನಂಬುವ ಒಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ಈ ಮೂರೂ ಕೂಡಿಬರುವ ವ್ಯವಸ್ಥೆಗೆ ಸರ್ಕಾರದ ಕಡತದಲ್ಲಿರುವ ಹೆಸರು ವಿಸ್ತರಣಾ ಶಿಕ್ಷಣ. ಕರ್ನಾಟಕದಲ್ಲಿ ಇಂದು ತೀರಾ ಬಡವಾಗಿರುವುದು ಈ ಶಿಕ್ಷಣವೇ. ವಿಜ್ಞಾನಿಗಳು ಹುಳುವನ್ನು ಬೇಗ ಗುರುತಿಸಿದರು. ಆ ಅರಿವು ಲಕ್ಷಾಂತರ ಹೊಲಗಳಿಗೆ ಅಷ್ಟೇ ಬೇಗ ನಡೆದು ಹೋಗಲು ಕಾಲುಗಳಿರಲಿಲ್ಲ.

ಈ ನಾಡಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದಾಗ ಮಲೆನಾಡಿನ ಅಡಿಕೆ ತೋಟಗಳನ್ನು ಕೊಳೆರೋಗ ತಿನ್ನುತ್ತಿತ್ತು. ಬೆಳೆಗಾರರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದರು. ಕೋಲ್ಮನ್ ರೋಗವನ್ನು ತೋಟದಲ್ಲೇ ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತರಲು ದುಡಿದರು. ಮುಂದೆ ಅವರೇ ಸಂಸ್ಥಾನದ ಕೃಷಿ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು.

ಬೋರ್ಡೋ ದ್ರಾವಣ ತಯಾರಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಕಲಿಕೆ ಎಲ್ಲಿ ಅಡಗಿದೆ ಎಂಬುದು ಗೊತ್ತಿರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಇದನ್ನು ಯಾವ ಕರಪತ್ರವೂ ಹೇಳುತ್ತದೆ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಆಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ಎತ್ತಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಇಲ್ಲದಿದ್ದರೆ ಔಷಧಿಯೇ ಎಳೆಕಾಯಿಯನ್ನು ಸುಡುತ್ತದೆ. ಸುಣ್ಣ ಹಳತಾಗಿದ್ದರೆ ತೂಕ ಸರಿಯಿದ್ದೂ ದ್ರಾವಣ ಕೆಡುತ್ತದೆ. ಒಮ್ಮೆ ಕತ್ತಿ ಅದ್ದಿ ನೋಡಿದವರು ಜೀವಮಾನದಲ್ಲಿ ಮರೆಯುವುದಿಲ್ಲ. ಮಲೆನಾಡಿನ ಮನೆಮನೆಯ ರೂಢಿಯಾಗಿ, ಅಪ್ಪನಿಂದ ಮಗನಿಗೆ, ಯಜಮಾನರಿಂದ ಕೊನೆಗಾರರಿಗೆ ದಾಟಿಬಂದ ಈ ವಿದ್ಯೆಯ ಬೇರಿನಲ್ಲಿ ವಿಸ್ತರಣೆಯ ದುಡಿಮೆಯಿದೆ. ಅದು ಎಷ್ಟು ಚೆನ್ನಾಗಿ ಬೇರೂರಿತೆಂದರೆ ಇವತ್ತು ಯಾರೂ ಅದನ್ನು ಸರ್ಕಾರದ ಕಾರ್ಯಕ್ರಮ ಎಂದುಕೊಳ್ಳುವುದೇ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಕೆಲಸಕ್ಕೆ ದೇಶವ್ಯಾಪಿ ಚೌಕಟ್ಟು ಸಿಕ್ಕಿತು. ಉತ್ತರ ಪ್ರದೇಶದ ಇಟಾವಾದಲ್ಲಿ 1948ರಲ್ಲಿ ನಡೆದ ಪ್ರಯೋಗದ ಬೆನ್ನಿಗೆ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ, ಮರುವರ್ಷ ಅದೇ ದಿನ ರಾಷ್ಟ್ರೀಯ ವಿಸ್ತರಣಾ ಸೇವೆ ಆರಂಭವಾದವು. ಹಳ್ಳಿಗೆ ಗ್ರಾಮಸೇವಕರು ಬಂದರು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದ ನೆರವಿನೊಂದಿಗೆ ಬೆಳೆದ ಅದು ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತಂದಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ತೆಗೆದ ಇಂಡಾಫ್ ತಳಿಗಳು ಮಳೆಯಾಶ್ರಿತ ರಾಗಿಯ ಇಳುವರಿಯ ಲೆಕ್ಕವನ್ನೇ ಬದಲಿಸಿದವು. ತಳಿ ಎಷ್ಟೇ ಒಳ್ಳೆಯದಿದ್ದರೂ ಪಟೇಲರ ಹೊಲದ ಒಂದು ಮೂಲೆಯಲ್ಲಿ ತೆನೆ ತೂಗಿ ನಿಲ್ಲುವವರೆಗೆ ನೆರೆಹೊರೆಯವರು ಬೀಜ ಕೇಳುವುದಿಲ್ಲ. ಆ ಮೂಲೆಯನ್ನು ಬಿತ್ತಿಸುವುದೇ ವಿಸ್ತರಣಾ ಕಾರ್ಯಕರ್ತರ ಕಸುಬಾಗಿತ್ತು.

1970ರ ದಶಕದ ಕೊನೆಯಲ್ಲಿ ವಿಶ್ವಬ್ಯಾಂಕಿನ ಹಣದೊಂದಿಗೆ ತರಬೇತಿ ಮತ್ತು ಭೇಟಿ ಪದ್ಧತಿ ಬಂದಿತು. ಹದಿನೈದು ದಿನಕ್ಕೊಮ್ಮೆ ಗೊತ್ತಾದ ವಾರ, ಗೊತ್ತಾದ ಊರು. ಕಾರ್ಯಕರ್ತರಿಗೆ ಬೇರೆ ಯಾವ ಕೆಲಸವನ್ನೂ ಹಚ್ಚುವಂತಿಲ್ಲ. ಆ ಪದ್ಧತಿಯಲ್ಲಿ ದೋಷಗಳಿದ್ದವು. ಮೇಲಿನಿಂದ ಬಂದ ಸಂದೇಶವನ್ನು ಒಣಭೂಮಿಗೂ ನೀರಾವರಿಗೂ ಒಂದೇ ರಾಗದಲ್ಲಿ ಹೇಳಿದ್ದುಂಟು, ದೊಡ್ಡ ಹಿಡುವಳಿದಾರರ ಜಗಲಿಯಲ್ಲೇ ಭೇಟಿ ಮುಗಿದದ್ದುಂಟು. ಆದರೂ ಬೇರೆ ಕೆಲಸ ಹಚ್ಚಬಾರದು ಎಂಬ ಆ ಒಂದು ನಿಯಮ ಬಂಗಾರದಂಥದ್ದು. ಯೋಜನೆಯ ಹಣ ನಿಂತಾಗ ಮೊದಲು ಮುರಿದುಬಿದ್ದದ್ದೂ ಅದೇ.

ಈಗ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಜೂನ್ ತಿಂಗಳ ಬೆಳಗ್ಗೆ ಯಾವುದೇ ಕೇಂದ್ರಕ್ಕೆ ಹೋದರೂ ಚಿತ್ರ ಒಂದೇ. ಪಹಣಿ, ಆಧಾರ್ ಹಿಡಿದ ಸಾಲು ರಸ್ತೆಗೆ ಬಂದಿರುತ್ತದೆ. ಒಳಗೆ ಬಿತ್ತನೆ ಬೀಜದ ಚೀಲಗಳು ಗೋಡೆಯೆತ್ತರ ಪೇರಿಸಿವೆ. ಕೃಷಿ ಅಧಿಕಾರಿ ಕಂಪ್ಯೂಟರಿನಲ್ಲಿ ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆ ಹೊಡೆಯುತ್ತಾರೆ, ಸರ್ವರ್ ಸುತ್ತುತ್ತಿರುತ್ತದೆ, ಹೊರಗೆ ಹದ ಮೀರುತ್ತಿರುತ್ತದೆ. ಬೀಜ ಮುಗಿದರೆ ತಾಡಪಾಲು, ತಾಡಪಾಲಾದರೆ ಸ್ಪ್ರಿಂಕ್ಲರ್ ಪೈಪು, ಅದಾದರೆ ಬೆಳೆ ಸಮೀಕ್ಷೆ, ಬೆಳೆ ವಿಮೆ, ಬರ ಪರಿಹಾರದ ಪಟ್ಟಿ, ಚುನಾವಣಾ ಕೆಲಸ. ಈ ಸಿಬ್ಬಂದಿ ಸೋಮಾರಿಗಳಲ್ಲ. ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಂಡು ದುಡಿಯುತ್ತಾರೆ. ಕೃಷಿ ಪದವಿ ಓದಿ, ಮಣ್ಣು, ರೋಗ, ಕೀಟವನ್ನೆಲ್ಲ ಕಲಿತು ಬಂದವರು ಚೀಲ ಎಣಿಸಿ ಸಹಿ ಹಾಕಿಸುವ ಉಗ್ರಾಣದವರಾಗಿದ್ದಾರೆ.

2015-16ರ ಕೃಷಿ ಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 86 ಲಕ್ಷ ಹಿಡುವಳಿಗಳು. ಹೋಬಳಿಗಳು ಏಳುನೂರು ಚಿಲ್ಲರೆ. ಭಾಗಿಸಿದರೆ ಒಂದು ಕೇಂದ್ರದ ಪಾಲಿಗೆ ಹನ್ನೊಂದು ಸಾವಿರದ ಮೇಲೆ ಬರುತ್ತದೆ. ಹಳ್ಳಿಗೊಬ್ಬ ಪರಿಚಿತ ಮುಖವಾಗಿದ್ದ ಕೃಷಿ ಸಹಾಯಕರ ಹುದ್ದೆಗಳು ನಿವೃತ್ತಿಯಾದಂತೆಲ್ಲ ಖಾಲಿ ಬಿದ್ದವು. 2024ರಲ್ಲಿ ಲೋಕಸೇವಾ ಆಯೋಗ ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿಗಳ 945 ಹುದ್ದೆಗೆ ಅರ್ಜಿ ಕರೆದದ್ದು ಒಳ್ಳೆಯ ಸುದ್ದಿಯೇ. ಆದರೆ ಹೊಸಬರನ್ನೂ ಅದೇ ಕೌಂಟರಿನ ಹಿಂದೆ ಕೂರಿಸುವುದಾದರೆ ರೈತರಿಗೆ ಸಿಗುವುದು ಸ್ವಲ್ಪ ಬೇಗ ಸರಿಯುವ ಸಾಲು ಮಾತ್ರ.

ಹಾಗಾದರೆ ರೈತರಿಗೆ ಬುದ್ಧಿ ಹೇಳುತ್ತಿರುವವರು ಯಾರು? ರಾಷ್ಟ್ರೀಯ ಮಾದರಿ ಸಮೀಕ್ಷಾ ಸಂಸ್ಥೆ 2003ರಲ್ಲಿ ದೇಶದಾದ್ಯಂತ ಇದನ್ನೇ ಕೇಳಿತ್ತು. ಹೊಸ ತಾಂತ್ರಿಕತೆಯ ಮಾಹಿತಿ ಯಾವುದಾದರೂ ಮೂಲದಿಂದ ಸಿಕ್ಕಿದೆ ಎಂದವರು ಶೇ. 40 ಕುಟುಂಬಗಳು. ಪ್ರಗತಿಪರ ರೈತರಿಂದ ಕಲಿತವರು ಶೇ. 16.7, ಗೊಬ್ಬರ ಮತ್ತು ಔಷಧಿ ಅಂಗಡಿಯಿಂದ ಶೇ. 13.1, ರೇಡಿಯೋದಿಂದ ಶೇ. 13. ಸರ್ಕಾರಿ ವಿಸ್ತರಣಾ ಕಾರ್ಯಕರ್ತರಿಂದ ಶೇ. 5.7. ಹತ್ತು ವರ್ಷದ ನಂತರದ ಸಮೀಕ್ಷೆಯಲ್ಲೂ ಶೇ. 59ರಷ್ಟು ಕೃಷಿ ಕುಟುಂಬಗಳಿಗೆ ಯಾವ ಕಡೆಯಿಂದಲೂ ತಾಂತ್ರಿಕ ಸಲಹೆ ಸಿಕ್ಕಿರಲಿಲ್ಲ. ವಿಸ್ತರಣೆಯ ಬಗ್ಗೆ ಬರೆದ ಎಷ್ಟೋ ವರದಿಗಳ ಸಾರವನ್ನು ಈ ಅಂಕಿಗಳೇ ಹೇಳುತ್ತವೆ.

ಅಂಗಡಿಯವರನ್ನು ಇಲ್ಲಿ ಖಳನಾಯಕರನ್ನಾಗಿ ಮಾಡಬೇಕಿಲ್ಲ. ಮುದುಡಿದ ಮೆಣಸಿನ ಎಲೆ ಹಿಡಿದು ಸಂಜೆ ಏಳಕ್ಕೆ ಬಂದ ರೈತರಿಗೆ ಬಾಗಿಲು ತೆರೆದಿರುವುದು ಅಲ್ಲಿ ಮಾತ್ರ. ಸಾಲ ಕೊಡುವವರೂ ಅವರೇ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಿಂದ ಪರಿಕರ ಮಾರಾಟಗಾರರಿಗಾಗಿ ದೇಸಿ ಎಂಬ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಿರುವುದು ಈ ವಾಸ್ತವವನ್ನು ಒಪ್ಪಿಕೊಂಡೇ. ಅದು ಬೇಕು, ಇನ್ನೂ ಹೆಚ್ಚು ಬೇಕು. ಆದರೂ ‘ಈ ಸಲ ಏನೂ ಹೊಡೆಯಬೇಡಿ, ಹೊಲದಲ್ಲಿ ಜೇಡ ಚೆನ್ನಾಗಿದೆ, ಅವೇ ನೋಡಿಕೊಳ್ಳುತ್ತವೆ’ ಎಂದು ಹೇಳಿದರೆ ಅಂಗಡಿಗೆ ಅಂದಿನ ವ್ಯಾಪಾರವಿಲ್ಲ. ಕೊಳ್ಳದಿರುವ ಸಲಹೆಯನ್ನು ಕೊಡಬಲ್ಲವರು ಮಾರಾಟದ ಹಂಗಿಲ್ಲದವರು. ವಿಸ್ತರಣಾ ಶಿಕ್ಷಣಕ್ಕೆ ಸಾರ್ವಜನಿಕ ಹಣ ಹಾಕಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಔಷಧಿ ಹೊಡೆಯದಿರುವ ಪಾಠವನ್ನು ಇಂಡೊನೇಷ್ಯಾ ದೇಶದ ಮಟ್ಟದಲ್ಲಿ ಕಲಿಸಿ ತೋರಿಸಿತು. ಭತ್ತದ ಕಂದು ಜಿಗಿಹುಳು ಔಷಧಿ ಹೊಡೆದಷ್ಟೂ ಹೆಚ್ಚುತ್ತಿದ್ದಾಗ, ಅದನ್ನು ತಿನ್ನುವ ಜೇಡಗಳನ್ನು ಔಷಧಿಯೇ ಕೊಲ್ಲುತ್ತಿದೆ ಎಂಬುದು ಸ್ಪಷ್ಟವಾಯಿತು. 1986ರಲ್ಲಿ ಸರ್ಕಾರ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಿಂದ ಹೊಲಶಾಲೆಗಳು ಶುರುವಾದವು. ಬೆಳೆಯ ಹಂಗಾಮು ಮುಗಿಯುವವರೆಗೆ ರೈತರು ವಾರಕ್ಕೊಂದು ಬೆಳಗ್ಗೆ ಗದ್ದೆಗೆ ಇಳಿದು ಹುಳು ಎಣಿಸುತ್ತಿದ್ದರು. ಮರದ ನೆರಳಿನಲ್ಲಿ ದೊಡ್ಡ ಹಾಳೆ ಹರಡಿ ಪೈರು, ನೀರು, ಶತ್ರುಕೀಟ, ಮಿತ್ರಕೀಟ ಎಲ್ಲವನ್ನೂ ಬಣ್ಣದಲ್ಲಿ ಬರೆದು, ಹೊಡೆಯಬೇಕೋ ಬೇಡವೋ ಎಂದು ವಾದಿಸಿ ತಾವೇ ತೀರ್ಮಾನಿಸುತ್ತಿದ್ದರು. ಹೇಳಿಕೊಡುವವರು ಪ್ರಶ್ನೆ ಕೇಳುವವರಾಗಿದ್ದರು. ನಮ್ಮ ಕೃಷಿ ಇಲಾಖೆಯೂ ಹೊಲಶಾಲೆಗಳನ್ನು ನಡೆಸುತ್ತದೆ. ಅವು ಒಂದು ಹಂಗಾಮಿನ ಬಾಳಿಕೆಯ ಕಲಿಕೆಯಾಗುವ ಬದಲು ಬ್ಯಾನರ್, ಫೋಟೊ, ಊಟದೊಂದಿಗೆ ಒಂದೇ ದಿನಕ್ಕೆ ಮುಗಿದರೆ ಹೆಸರು ಮಾತ್ರ ಉಳಿಯುತ್ತದೆ.

ನಮ್ಮಲ್ಲೇ ಗೆದ್ದ ಉದಾಹರಣೆಯೂ ಇದೆ. ಉಷ್ಣ ಸೀಮೆಯಲ್ಲಿ ದ್ವಿತಳಿ ರೇಷ್ಮೆ ಸಾಧ್ಯವಿಲ್ಲ ಎನ್ನುತ್ತಿದ್ದ ಕಾಲದಲ್ಲಿ, 1990ರ ದಶಕದಿಂದ ಜಪಾನಿನ ನೆರವಿನೊಂದಿಗೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಹೊಸ ತಳಿಗಳನ್ನು ತೆಗೆಯಿತು. ತಳಿಯ ಜತೆಗೆ ಪ್ರತ್ಯೇಕ ಹುಳುಮನೆ, ರೆಂಬೆ ಪದ್ಧತಿ, ಸೋಂಕು ನಿವಾರಣೆ, ಎಳೆಹುಳು ಸಾಕುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳು ತರುವ ಪದ್ಧತಿ ಇವೆಲ್ಲವನ್ನೂ ರೇಷ್ಮೆ ಬೆಳೆಗಾರರ ಮನೆಯಲ್ಲೇ, ಬೆಳೆಯಿಂದ ಬೆಳೆಗೆ ಮತ್ತೆ ಮತ್ತೆ ಬಂದು ಕಲಿಸಲಾಯಿತು. ಹುಳುವಿಗೆ ಹಾಲುತೊಂಡೆ ರೋಗ ಬಂದ ದಿನ ತಾಂತ್ರಿಕ ಸೇವಾ ಕೇಂದ್ರದವರು ಬರಲಿಲ್ಲವಾದರೆ ಆ ತಿಂಗಳ ಗೂಡೇ ಇಲ್ಲ. ಅಗತ್ಯವೂ ಸಲಹೆಯೂ ಅಷ್ಟು ಹತ್ತಿರವಿದ್ದಲ್ಲಿ ಶಿಕ್ಷಣ ತಾನಾಗಿ ನಿಲ್ಲುತ್ತದೆ.

ಸಬ್ಸಿಡಿ ವಸ್ತು ಇಲ್ಲದಿದ್ದರೆ ರೈತರು ಸಭೆಗೇ ಬರುವುದಿಲ್ಲ ಎಂಬ ಮಾತು ಇಲಾಖೆಯಲ್ಲಿ ಆಗಾಗ ಕೇಳುತ್ತದೆ. ಬೆಂಗಳೂರಿನ ಜಿಕೆವಿಕೆ ಮತ್ತು ಧಾರವಾಡದ ಕೃಷಿ ಮೇಳಗಳಿಗೆ ಬುತ್ತಿ ಕಟ್ಟಿಕೊಂಡು, ಟೆಂಪೊ ಮಾಡಿಕೊಂಡು ಬರುವ ಜನಸಾಗರವನ್ನು ನೋಡಿದವರು ಅದನ್ನು ಒಪ್ಪಲಾರರು. ಪ್ರಾತ್ಯಕ್ಷಿಕೆಯ ತಾಕಿನ ಮುಂದೆ ನಿಂತು ಗಿಡ ಮುಟ್ಟಿ, ತೆನೆ ಎಣಿಸಿ, ಅಂತರ ಎಷ್ಟು, ಗೊಬ್ಬರ ಎಷ್ಟು ಎಂದು ಕೇಳುವವರಿಗೆ ಅಲ್ಲಿ ಯಾರೂ ತಾಡಪಾಲು ಕೊಡುವುದಿಲ್ಲ. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಅನುಭವವನ್ನೇ ಬರವಣಿಗೆಯ ಬಂಡವಾಳ ಮಾಡಿಕೊಂಡು ಇಷ್ಟು ವರ್ಷ ಓದುಗರನ್ನು ಉಳಿಸಿಕೊಂಡದ್ದೂ ಕಲಿಕೆಯ ಹಸಿವಿನಿಂದಲೇ.

ಹೆಂಗಸರ ವಿಷಯದಲ್ಲಿ ವಿಸ್ತರಣೆಯ ಲೋಪ ಇನ್ನೂ ದೊಡ್ಡದು. ಕಳೆ, ನಾಟಿ, ಬೀಜದ ಆಯ್ಕೆ, ಹೈನು, ಕೊಯಿಲು ಎಲ್ಲ ಅವರ ಕೈಯಲ್ಲಿ. ಪಹಣಿ ಮಾತ್ರ ಗಂಡಿನ ಹೆಸರಲ್ಲಿ. ಪಹಣಿ ಇದ್ದವರಿಗೆ ಆಹ್ವಾನ, ಆಹ್ವಾನ ಬಂದವರಿಗೆ ತರಬೇತಿ. ಕರ್ನಾಟಕ ಇದನ್ನು ಬೇಗನೇ ಕಂಡುಕೊಂಡಿತ್ತು: 1982ರಲ್ಲಿ ಡೆನ್ಮಾರ್ಕಿನ ನೆರವಿನಲ್ಲಿ ರೈತ ಮಹಿಳೆಯರ ತರಬೇತಿ ಮತ್ತು ವಿಸ್ತರಣಾ ಯೋಜನೆ ಆರಂಭವಾಯಿತು. ಹೊರಗಿನ ನೆರವು ಮುಗಿದ ಮೇಲೆ ಅದನ್ನು ಇಲಾಖೆಯ ನಿತ್ಯದ ಕೆಲಸದೊಳಗೆ ಬೆಸೆಯುವ ಹಟ ಯಾವ ಸರ್ಕಾರಕ್ಕೂ ಇರಲಿಲ್ಲ.

ಭೂಚೇತನದ ಕತೆಯೂ ಇದಕ್ಕೆ ಹತ್ತಿರದ್ದು. 2009ರಲ್ಲಿ ಒಣಭೂಮಿ ಬೆಳೆಗಳ ಸಂಶೋಧನೆಯ ಇಕ್ರಿಸ್ಯಾಟ್ ಸಂಸ್ಥೆಯೊಂದಿಗೆ ಆರಂಭಿಸಿದ ಈ ಯೋಜನೆ ಮಣ್ಣು ಪರೀಕ್ಷಿಸಿ, ಸತು, ಬೋರಾನ್, ಗಂಧಕದ ಕೊರತೆ ಎಲ್ಲೆಲ್ಲಿದೆ ಎಂದು ಹೇಳಿ, ಒಣಭೂಮಿಯ ಇಳುವರಿಯನ್ನು ಶೇ. 20ರಷ್ಟು ಹೆಚ್ಚಿಸುವ ಗುರಿ ಇಟ್ಟುಕೊಂಡಿತು. ಊರ ಗೋಡೆಗಳ ಮೇಲೆ ಆ ಊರಿನ ಮಣ್ಣಿನ ಫಲಿತಾಂಶ ಬರೆಸಲಾಯಿತು. ಅದರ ಜೀವಾಳ ರೈತ ಅನುವುಗಾರರು. ಅದೇ ಊರಿನ, ಅದೇ ಬೇಸಾಯದ ಮನೆತನದ ಯುವಕ ಯುವತಿಯರು; ಹಂಗಾಮಿಗೆ ಗೌರವಧನದ ಮೇಲೆ ದುಡಿದವರು. ಜಿಪ್ಸಂ ಯಾವಾಗ ಹಾಕಬೇಕು, ಸತುವಿನ ಸಲ್ಫೇಟನ್ನು ಡಿಎಪಿ ಜತೆ ಏಕೆ ಬೆರೆಸಬಾರದು ಎಂದು ಅವರು ಹೊಲದ ಬದುವಿನಲ್ಲಿ ನಿಂತು ಹೇಳಿದರು. ಹೀಗೆ ತಯಾರಾದ ಮಂದಿಯನ್ನು ಯೋಜನೆಯ ಅವಧಿ ಮುಗಿದಂತೆ ಕೈಬಿಟ್ಟದ್ದು ರಾಜ್ಯ ತನಗೆ ತಾನೇ ಮಾಡಿಕೊಂಡ ನಷ್ಟ. ಪಕ್ಕದ ಆಂಧ್ರಪ್ರದೇಶ ತನ್ನ ನೈಸರ್ಗಿಕ ಕೃಷಿ ಕಾರ್ಯಕ್ರಮವನ್ನು ಸ್ವಸಹಾಯ ಸಂಘಗಳ ಹೆಂಗಸರ ಮೇಲೆಯೇ ಕಟ್ಟಿ, ಸ್ವತಃ ಬೇಸಾಯ ಮಾಡಿ ತೋರಿಸಿದವರನ್ನೇ ಸಂಪನ್ಮೂಲ ವ್ಯಕ್ತಿಗಳಾಗಿ ವರ್ಷ ವರ್ಷ ಉಳಿಸಿಕೊಳ್ಳುವ ದಾರಿ ಹಿಡಿದಿದೆ. ಈಗ ಹಳ್ಳಿಯ ಹೆಂಗಸರನ್ನೇ ಬೇಸಾಯದ ಸಲಹೆಗಾರರನ್ನಾಗಿ ತಯಾರು ಮಾಡುವ ಕೇಂದ್ರದ ಕೃಷಿ ಸಖಿ ಯೋಜನೆ ಬಂದಿದೆ. 2024ರ ಜೂನ್‌ನಲ್ಲಿ ದೇಶದ 30 ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ಪ್ರಮಾಣಪತ್ರ ಸಿಕ್ಕಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಅನುವುಗಾರರಿಗೆ ಆದದ್ದು ಕೃಷಿ ಸಖಿಯರಿಗೆ ಆಗಬಾರದು.

ಮೊಬೈಲು ಇರುವಾಗ ಮನುಷ್ಯರೇಕೆ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕು. ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ. ಯೂಟ್ಯೂಬಿನಲ್ಲಿ ಕನ್ನಡದ ಬೇಸಾಯದ ವಿಡಿಯೊಗಳಿಗೆ ಲೆಕ್ಕವಿಲ್ಲ. ಎಲೆಯ ಫೋಟೊ ಕಳಿಸಿದರೆ ರೋಗದ ಹೆಸರು ಹೇಳುವ ಆ್ಯಪ್‌ಗಳೂ ಬಂದಿವೆ. ಇವು ಉಪಯುಕ್ತ, ಬರಲಿ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 2006ರಲ್ಲಿ ಹುಟ್ಟಿದ ಡಿಜಿಟಲ್ ಗ್ರೀನ್ ಪ್ರಯೋಗ ಈ ವಿಷಯದಲ್ಲಿ ಮುಖ್ಯವಾದದ್ದನ್ನು ಕಂಡುಕೊಂಡಿತು. ಸುತ್ತಿನ ಊರಿನ ರೈತರನ್ನೇ ಚಿತ್ರೀಕರಿಸಿ ಸಂಜೆ ಊರಿನಲ್ಲಿ ತೋರಿಸಿದಾಗ ನೋಡುಗರು ಮೊದಲು ಕೇಳಿದ್ದು ಅವರ ಹೆಸರೇನು, ಯಾವ ಊರು ಎಂದು. ನಡುನಡುವೆ ನಿಲ್ಲಿಸಿ ಚರ್ಚೆ ಮಾಡಿಸುವ ಊರಿನ ಒಬ್ಬರು ಇದ್ದಾಗ ಮಾತ್ರ ವಿಡಿಯೊ ಹೊಲಕ್ಕೆ ಇಳಿಯಿತು. ಹೊಸ ಕೃತಕ ಬುದ್ಧಿಮತ್ತೆಯ ಸಾಧನಗಳನ್ನೂ ಕೃಷಿ ಸಖಿಯ ಕೈಗೆ ಕೊಟ್ಟರೆ ಅವರ ಬಲ ಹೆಚ್ಚುತ್ತದೆ. ಅವರ ಬದಲಿಗೆ ಕೊಟ್ಟರೆ ಅಕ್ಷರ ಬಾರದ, ಸ್ಮಾರ್ಟ್‌ಫೋನ್ ಇಲ್ಲದ, ಪಹಣಿಯಿಲ್ಲದ ಜನ ಮತ್ತೊಮ್ಮೆ ಹೊರಗುಳಿಯುತ್ತಾರೆ.

ಇನ್ನೊಂದು ಮಾತು ನಷ್ಟದ ಭಯದ ಬಗ್ಗೆ. ಎರಡು ಎಕರೆಯವರು ಹೊಸದನ್ನು ಒಲ್ಲೆ ಎನ್ನುವುದು ಮೊಂಡುತನದಿಂದಲ್ಲ. ಕೈಕೊಟ್ಟರೆ ಆ ವರ್ಷದ ಊಟಕ್ಕೇ ಕುತ್ತು. ಅಮೆರಿಕದ ಟೆಕ್ಸಾಸ್‌ನ ಟೆರೆಲ್ ಪಟ್ಟಣದಲ್ಲಿ 1903ರಲ್ಲಿ ಸೀಮನ್ ನ್ಯಾಪ್ ಮೊದಲ ಪ್ರಾತ್ಯಕ್ಷಿಕೆ ಮಾಡಿಸಿದಾಗ, ರೈತರಿಗೆ ನಷ್ಟವಾದರೆ ತುಂಬಿಕೊಡಲು ಊರಿನ ವರ್ತಕರು ಮೊದಲೇ ಹಣ ಕೂಡಿಸಿಟ್ಟಿದ್ದರು. ಬೆಳೆ ಬಂತು, ಲಾಭವಾಯಿತು. ಅಲ್ಲಿಂದ ಹಬ್ಬಿದ ಚಳವಳಿ 1914ರ ಸ್ಮಿತ್-ಲೀವರ್ ಕಾಯ್ದೆಯಾಗಿ ಅಮೆರಿಕದ ವಿಸ್ತರಣಾ ವ್ಯವಸ್ಥೆಗೆ ಅಡಿಪಾಯ ಹಾಕಿತು. ನಮ್ಮ ಪ್ರಾತ್ಯಕ್ಷಿಕೆಗಳಲ್ಲಿ ಬೀಜ, ಗೊಬ್ಬರ ಉಚಿತವಾಗಿ ಸಿಗುತ್ತವೆ, ನಷ್ಟಕ್ಕೆ ಭರವಸೆ ಸಿಗುವುದಿಲ್ಲ. ಅದಕ್ಕೇ ಪ್ರಾತ್ಯಕ್ಷಿಕೆಗಳು ನಷ್ಟ ತಡೆದುಕೊಳ್ಳಬಲ್ಲವರ ಹೊಲಗಳಲ್ಲೇ ಸುತ್ತುತ್ತವೆ.

ರಾಜ್ಯ ಸರ್ಕಾರ ಮಾಡಬೇಕಾದದ್ದು ಅಸಾಧ್ಯದ್ದೇನಲ್ಲ. ಬೀಜ, ಪೈಪು, ತಾಡಪಾಲುಗಳ ವಿತರಣೆಯನ್ನು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೂ ರೈತ ಉತ್ಪಾದಕ ಸಂಸ್ಥೆಗಳಿಗೂ ಪೂರ್ತಿಯಾಗಿ ವಹಿಸಿ, ಸಂಪರ್ಕ ಕೇಂದ್ರದ ಕೃಷಿ ಪದವೀಧರರನ್ನು ವಾರದಲ್ಲಿ ನಾಲ್ಕು ದಿನವಾದರೂ ಹೊಲಕ್ಕೆ ಬಿಡಬೇಕು. ಅವರ ಕೆಲಸವನ್ನು ವಿತರಿಸಿದ ಚೀಲದಿಂದ ಅಳೆಯದೆ, ಅವರು ಹೋದ ಊರಿನಲ್ಲಿ ರೈತರು ಏನನ್ನು ಬದಲಿಸಿಕೊಂಡರು, ಯಾವ ಔಷಧಿ ಕೈಬಿಟ್ಟರು ಎಂಬುದರಿಂದ ಅಳೆಯಬೇಕು. ಕೃಷಿ ಸಖಿಯರಿಗೆ ವರ್ಷಪೂರ್ತಿ ಗೌರವಧನ ರಾಜ್ಯ ಬಜೆಟ್ಟಿನಲ್ಲೇ ಇರಬೇಕು. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ಕಲಿಯುವ ಕಾರ್ಯಾನುಭವ ಈಗಾಗಲೇ ಪಠ್ಯದಲ್ಲಿದೆ. ಪ್ರತಿವರ್ಷ ಊರು ಬದಲಿಸುವ ಬದಲು ಒಂದೇ ಊರಿಗೆ ಐದು ವರ್ಷ ತಂಡಗಳನ್ನು ಕಳಿಸಿದರೆ, ಹಿಂದಿನ ತಂಡ ಬಿಟ್ಟಲ್ಲಿಂದ ಮುಂದಿನ ತಂಡ ಹಿಡಿಯಬಹುದು. ಸಣ್ಣ ರೈತರ ಹೊಲದ ಪ್ರಾತ್ಯಕ್ಷಿಕೆಗೆ ನಷ್ಟ ಭರ್ತಿಯ ನಿಧಿ ಬೇಕು. ಹೊಸದಾಗಿ ನೇಮಕವಾಗುವ ಅಧಿಕಾರಿಗಳ ಮೊದಲ ಹಂಗಾಮನ್ನು ಈ ಕ್ರಮದಲ್ಲೇ ಆರಂಭಿಸಿದರೆ, ಅವರ ಸೇವೆಯ ಮುಂದಿನ ಮೂವತ್ತು ವರ್ಷ ಅದೇ ಜಾಡು ಹಿಡಿಯುವ ಸಂಭವವಿದೆ. ಮುಂದಿನ ಮುಂಗಾರಿಗೆ ಮುನ್ನ, ಕನಿಷ್ಠ ಜಿಲ್ಲೆಗೊಂದು ಹೋಬಳಿಯಲ್ಲಾದರೂ ಇದನ್ನು ಶುರುಮಾಡಲು ಹೊಸ ಕಾಯ್ದೆಯೂ ಬೇಕಿಲ್ಲ, ಹೊರಗಿನ ಸಾಲವೂ ಬೇಕಿಲ್ಲ.